ಸೋತ ಮಾಲಿನ ಕಟ್ಟೆ

ನಮ್ಮ ಅತ್ತಿಗೆ ಕೆಟ್ಟವಳಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದಿನದನ್ನೆಲ್ಲ ಕೇಳಿದ ಮೇಲೆ ನೀವು ಅವಳನ್ನು ಕೆಟ್ಟವಳು ಅಂದೇ ಅನ್ನುತ್ತೀರಿ, ಆಗ ನನಗೆ ರೇಗುತ್ತದೆ. ಅವಳು ನನ್ನ ಅಣ್ಣನ ಹೆಂಡತಿ, ನಾನು ಅವಳ ನಾದಿನಿ. ನಾದಿನಿ ಅತ್ತಿಗೆಯ ಪರವಾಗಿ ಮಾತಾಡುವುದನ್ನು ನೀವು ಎಷ್ಟು ಸಲ ಕೇಳಿದ್ದೀರಿ? ಹಾಗಾಗಿ ನನ್ನ ಮಾತಿಗೆ ಒಂದಿಷ್ಟು ಬೆಲೆ ಕೊಡಿ.

ನಾವಿಬ್ಬರೂ ಒಂದೇ ಕಂಪನಿಯಲ್ಲಿ ಕೆಲಸಕ್ಕಿದ್ದೆವು. ಊರುಗೋಲು, ಕಂಕುಳಿಗೆ ಕೊಟ್ಟುಕೊಳ್ಳುವ ಕೋಲು, ಮುದುಕರು ಹಿಡಿದು ನಡೆಯುವ ವಾಕರು, ಇವನ್ನೆಲ್ಲ ಮಾಡುವ ಕಂಪನಿ. ನಾನು ಪ್ಯಾಕಿಂಗಿನಲ್ಲಿ. ಅತ್ತಿಗೆ ಅಚ್ಚಿನ ಕೋಣೆಯಲ್ಲಿ. ಕೋಲಿನ ಬುಡಕ್ಕೆ ರಬ್ಬರಿನ ಟೋಪಿಯೊಂದನ್ನು ಹಾಕುತ್ತಾರಲ್ಲ, ಅದನ್ನು ನಾವು ಬೂಟು ಅನ್ನುತ್ತೇವೆ. ಆ ಬೂಟಿನ ಅಚ್ಚು ಮಾಡುವುದು, ರಬ್ಬರ್ ಬೇಯಿಸಿ ನೋಡುವುದು ಅವಳ ಕೆಲಸ. ಎಲ್ಲರೂ ಅವಳನ್ನು ಅಚ್ಚಿನಕ್ಕ ಅಂತಲೇ ಕರೆಯುತ್ತಿದ್ದರು.

ನಮ್ಮ ಕಾಂಪೌಂಡಿನ ಪಕ್ಕದಲ್ಲೇ ಇನ್ನೊಂದು ಕಂಪನಿ. ಅದು ಚಿಕ್ಕದು, ಆದರೆ ಮಾಡುವುದು ಇದೇ ಕೋಲು, ಇದೇ ಬೂಟು. ಎರಡು ಕಂಪನಿಯ ಯಜಮಾನರೂ ಹಾವು ಮುಂಗುಸಿ. ಒಬ್ಬರ ಕಾರು ಬಂದರೆ ಇನ್ನೊಬ್ಬರು ಗೇಟು ಹಾಕಿಸುತ್ತಿದ್ದರು. ಎರಡಕ್ಕೂ ಸೇರಿದ್ದು ಒಂದೇ ಒಂದು ವಸ್ತು: ಬೀದಿ ಬದಿಯ ಕಸದ ತೊಟ್ಟಿ.

ಕತೆ ಶುರುವಾಗಿದ್ದೇ ಆ ತೊಟ್ಟಿಯಿಂದ. ಅತ್ತಿಗೆ ಒಂದು ಸಲ ಕೆಟ್ಟ ಬೂಟುಗಳನ್ನು ಸುರಿಯಲು ಹೋದಾಗ ಒಳಗೆ ಬೇರೆಯವರ ಕೆಟ್ಟ ಬೂಟುಗಳು ಬಿದ್ದಿದ್ದವಂತೆ. ಅವೂ ನಮ್ಮವು ಬಿರಿದ ಜಾಗದಲ್ಲೇ ಬಿರಿದಿದ್ದವು. ಅವಳು ಬಗ್ಗಿ ನೋಡುತ್ತಿದ್ದರೆ ಆಚೆ ಬದಿಯಿಂದ ಇನ್ನೊಂದು ತಲೆಯೂ ಬಗ್ಗಿತ್ತು.

"ನಿಮ್ದೂ ಬಿರೀತಾ?" ಅಂತು ಆ ತಲೆ.

"ಬಿರೀತು. ಬೇಯಿಸಿದ್ದು ಜಾಸ್ತಿ ಆಯ್ತು ಅನ್ಸತ್ತೆ."

"ಅಯ್ಯೋ, ನಾನು ಕಮ್ಮಿ ಆಯ್ತು ಅಂತ ಇನ್ನೂ ಬೇಯಿಸ್ತಾ ಇದ್ದೆನಲ್ಲ!"

ಆ ತಲೆ ಬೀಳೋ ಮೇಷ್ಟ್ರದು. ಅವರು ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ಚಿಕ್ಕ ಕಂಪನಿಯಲ್ಲಿ ಬೂಟಿನ ಕೆಲಸಕ್ಕೆ ಇದ್ದವರು ಅವರೊಬ್ಬರೇ. ನೆಲಕ್ಕೆ ನೀರು ಸುರಿದು, ಕೋಲು ಊರಿ, ಅದು ಜಾರುವವರೆಗೂ ವಾಲಿ ವಾಲಿ, ಕೊನೆಗೆ ದೊಪ್ಪನೆ ಬೀಳುತ್ತಿದ್ದರು. ಬಿದ್ದಲ್ಲಿಂದಲೇ ಬೆರಳೆತ್ತಿ, "ಈಗ ನಾನು ಯಾಕೆ ಬಿದ್ದೆ? ಯಾರಾದ್ರೂ ಹೇಳಿ ನೋಡೋಣ" ಎಂದು ಸುತ್ತ ಇದ್ದವರನ್ನು ಕೇಳುತ್ತಿದ್ದರು. ಅದಕ್ಕೇ ಆ ಹೆಸರು. ಮಂಡಿಗೆ ಯಾವಾಗಲೂ ಒಂದು ಹಳೇ ಸ್ಪಂಜು ಕಟ್ಟಿಕೊಂಡಿರುತ್ತಿದ್ದರು.

ಆಮೇಲೆ ತೊಟ್ಟಿಯೊಳಕ್ಕೆ ಬಗ್ಗುವುದು ತಪ್ಪಿತು. ತೊಟ್ಟಿ ಪಕ್ಕದಲ್ಲಿ, ನಲ್ಲಿಯ ಕೆಳಗೆ ಒಂದು ಸಿಮೆಂಟಿನ ಕಟ್ಟೆ ಇತ್ತು. ಮಧ್ಯಾಹ್ನದ ಟೀ ಹೊತ್ತಿಗೆ ಎರಡೂ ಕಡೆಯವರು ತಮ್ಮ ಸೋತ ಬೂಟುಗಳನ್ನು ತಂದು ಅಲ್ಲಿ ಇಡಲು ಶುರುಮಾಡಿದರು. ಯಾರೂ ಕೂತು ಕಾನೂನು ಮಾಡಲಿಲ್ಲ, ಆದರೂ ಕಾನೂನು ಆಯಿತು. ಸೋತದ್ದನ್ನು ಮಾತ್ರ ಇಡಬೇಕು. ಸೋತದ್ದರ ಮೇಲೆ ಮೊಳೆಯಿಂದ ಅಡ್ಡಗೀಟು ಹಾಕಿರಬೇಕು. ಗೀಟು ಅಂದರೆ, ಈ ದಾರೀಲಿ ಹೋಗಬೇಡ, ನಾನು ಹೋಗಿ ಬಿದ್ದು ಬಂದಿದ್ದೀನಿ ಅಂತ ಅರ್ಥ. ಗೆದ್ದದ್ದು ಹೇಗೆ ಅಂತ ಯಾರೂ ಕೇಳಬಾರದು, ಆದರೆ ದಾರಿ ಸಿಕ್ಕವರು "ಸಿಕ್ತು" ಅಂತ ಒಂದು ಮಾತು ಹೇಳಬೇಕು. ಎಲ್ಲಕ್ಕಿಂತ ದೊಡ್ಡದು ಇದು: ಇನ್ನೊಬ್ಬರು ಗೀಟು ಹಾಕಿದ್ದನ್ನು ಮತ್ತೆ ಪರೀಕ್ಷೆ ಮಾಡಬಾರದು. ಮಾಡಿದರೆ ಅದು ಮುಖದ ಮೇಲೆ ಉಗಿದ ಹಾಗೆ.

ಹೀಗೆ ವರ್ಷಗಟ್ಟಲೆ ನಡೆಯಿತು. ಒಬ್ಬರು ಬಿದ್ದ ಹೊಂಡದಲ್ಲಿ ಇನ್ನೊಬ್ಬರು ಬೀಳುತ್ತಿರಲಿಲ್ಲ. ಯಜಮಾನರುಗಳಿಗೆ ಗೊತ್ತಿರಲಿಲ್ಲವೆ? ಚೆನ್ನಾಗಿ ಗೊತ್ತಿತ್ತು. ಎರಡೂ ಕಡೆಗೆ ಲಾಭ, ಯಾರೂ ಕೆಮ್ಮಲಿಲ್ಲ.

ನಮ್ಮ ಮನೆಯಲ್ಲೇ ನೋಡಿ. ಅಮ್ಮ ಬಚ್ಚಲಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡ ಮೇಲೆ ಕೋಲು ಹಿಡಿದೇ ನಡೆಯುವುದು. ಮನೆಯಲ್ಲಿ ಇಬ್ಬರು ಹೆಂಗಸರು ದೊಡ್ಡ ಕಂಪನಿಯಲ್ಲಿ ದುಡಿಯುತ್ತಿದ್ದರೂ ಅಮ್ಮನ ಕೋಲಿಗಿದ್ದದ್ದು ಮೇಷ್ಟ್ರು ಕೊಟ್ಟ ಬೂಟು. ಕೇಳಿದರೆ ಅಮ್ಮ ಅನ್ನುತ್ತಿದ್ದಳು, "ನಿಮ್ಮ ಕಂಪನಿ ಬೂಟು ಒಣಗಿದ ನೆಲಕ್ಕೆ ಚೆನ್ನಾಗೇ ಇದೆ. ನನ್ನ ಬಚ್ಚಲನ್ನ ಒಣಗಿಸಿ ಕೊಡ್ತೀರಾ, ಹೇಳಿ, ಅದನ್ನೇ ಹಾಕ್ಕೋತೀನಿ." ಅತ್ತಿಗೆಗೆ ಅದು ನಾಟುತ್ತಿತ್ತು. ನಕ್ಕು ಸುಮ್ಮನಾಗುತ್ತಿದ್ದಳು, ಆದರೆ ನಾಟುತ್ತಿತ್ತು.

ಅಷ್ಟರಲ್ಲಿ ನಮ್ಮೂರಿನ ದೊಡ್ಡಾಸ್ಪತ್ರೆಯವರು ಒಂದು ಮಾತು ಹೊರಡಿಸಿದರು. ಅವರ ವರಾಂಡ ಇಡೀ ದಿನ ಒರೆಸುತ್ತಲೇ ಇರುವ ನೆಲ. ಒದ್ದೆ ನೆಲದ ಮೇಲೆ ಜಾರದ ಬೂಟು ಯಾರು ಮಾಡಿ ತರುತ್ತಾರೋ ಅವರಿಂದಲೇ ಆಸ್ಪತ್ರೆಗೆಲ್ಲ ಕೋಲು ಕೊಳ್ಳುತ್ತೇವೆ, ಬಂದು ನಮ್ಮ ಕಣ್ಣ ಮುಂದೆ ತೋರಿಸಿ, ಅಂತ.

ಮೇಷ್ಟ್ರಿಗೆ ಇದು ಕುತ್ತಿಗೆಗೆ ಬಂತು. ಅವರ ಯಜಮಾನರು ವಯಸ್ಸಾದವರು, ಮುಂಗೋಪಿ. "ವರ್ಷಾನುಗಟ್ಟಲೆ ಬಿದ್ದು ಬಿದ್ದು ನನ್ನ ನೆಲ ಸವೆಸಿದ್ದು ಸಾಕು. ಈ ಸಲ ಆಗ್ಲಿಲ್ಲ ಅಂದ್ರೆ ನಿನ್ನ ಕೋಣೆ ಗೋಡೌನು, ನೀನು ಪ್ಯಾಕಿಂಗಿಗೆ" ಅಂದುಬಿಟ್ಟಿದ್ದರು. ಮೇಷ್ಟ್ರು ಇದನ್ನು ಕಟ್ಟೆಯ ಮೇಲೆ ಕೂತು ಎಲ್ಲರ ಮುಂದೆ ಹೇಳಿದರು. ನನಗೆ ಕೋಪ ಬಂತು.

"ಯಾಕೆ ಮೇಷ್ಟ್ರೆ, ಪ್ಯಾಕಿಂಗ್ ಅಂದ್ರೇನು ಸ್ಮಶಾನವಾ? ನಾನು ಬದುಕಿಲ್ವಾ ಅಲ್ಲಿ?"

"ನಿಮ್ಮನ್ನಲ್ಲಮ್ಮ. ನಾನು ಕಟ್ಟಿದ ಪೆಟ್ಟಿಗೆ ಗೇಟು ದಾಟೋಕೆ ಮುಂಚೆ ಬಿಚ್ಕೊಳತ್ತೆ. ನನಗೆ ಗೊತ್ತಿರೋದು ಇದೊಂದೇ, ಬೀಳೋದು" ಎಂದು ನಕ್ಕರು. ನಗು ಬೇಗ ನಿಂತಿತು. ಆ ಕೋಣೆಯೊಂದೇ ಅವರ ಬದುಕು ಎಂಬುದು ನಮಗೆಲ್ಲ ಗೊತ್ತಿತ್ತು.

ಕೆಲವು ದಿನ ಕಳೆದ ಮೇಲೆ ಅವರು ಕಟ್ಟೆಗೆ ಹೊಸ ಥರದ ಬೂಟೊಂದನ್ನು ತಂದಿಟ್ಟರು. ತಳದಲ್ಲಿ ಬ್ಲೇಡಿನಿಂದ ಕೊಯ್ದ ಹಾಗೆ ಸಣ್ಣ ಸೀಳುಗಳು. ಕೋಲಿನ ಕೆಳಗಿನ ನೀರು ಆ ಸೀಳುಗಳಲ್ಲಿ ಹೊರಗೆ ಹೋಗಲಿ, ರಬ್ಬರು ನೆಲವನ್ನು ಹಿಡಿಯಲಿ ಎಂಬುದು ಯೋಚನೆ. ಹಿಡಿಯುವುದೇನೋ ಹಿಡಿಯಿತಂತೆ, ಆದರೆ ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಸೀಳು ಹರಿದು ಹರಿದು ಬೂಟೇ ಹೋಳಾಯಿತು. ಅಡ್ಡಗೀಟು.

ಅತ್ತಿಗೆ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. ಎಲ್ಲ ಸೀಳೂ ಹರಿದಿದ್ದವು, ಒಂದು ಬಿಟ್ಟು. ಆ ಒಂದು ಸೀಳು ರಬ್ಬರಿನೊಳಗೆ ಸಿಕ್ಕಿಬಿದ್ದ ಗಾಳಿಗುಳ್ಳೆಯ ಹತ್ತಿರ ಬಂದು ನಿಂತುಬಿಟ್ಟಿತ್ತು. ಅವಳು ಟೀ ಕೂಡ ಕುಡಿಯದೆ ಒಳಗೆ ಹೋದಳು. ಪ್ರತಿ ಸೀಳಿನ ತುದಿಯಲ್ಲಿ ಒಂದು ಗುಂಡಗಿನ ಸಣ್ಣ ತೂತು ಬರುವ ಹಾಗೆ ಅಚ್ಚು ಕೆತ್ತಿದಳು. ಹರಿಯುತ್ತಾ ಬಂದ ಸೀಳು ತೂತಿಗೆ ಬಂದರೆ ಅಲ್ಲೇ ನಿಲ್ಲಬೇಕು. ನಿಂತಿತು. ಯಂತ್ರಕ್ಕೆ ಕಟ್ಟಿ ಎಷ್ಟು ತಿಕ್ಕಿದರೂ ನಿಂತಿತು. ಒದ್ದೆ ನೆಲದ ಮೇಲೆ ಅತ್ತಿಗೆ ಕೋಲೂರಿ ಮೈಯೆಲ್ಲ ಭಾರ ಬಿಟ್ಟಳು, ಮಿಸುಕಲಿಲ್ಲ. ಅವತ್ತು ಪ್ಯಾಕಿಂಗಿಗೆ ಓಡಿ ಬಂದು ನನ್ನ ಕೆನ್ನೆ ಹಿಂಡಿ, "ನಾಳೆ ಮೇಷ್ಟ್ರಿಗೆ ಸಿಕ್ತು ಅಂತ ಹೇಳಬೇಕು ಕಣೆ. ಅವರ ಗುಳ್ಳೆಯಿಂದಲೇ ಸಿಕ್ಕಿದ್ದು" ಅಂದಳು. ಅವಳ ಬಾಯಿಂದಲೇ ಬಂದ ಮಾತು ಇದು, ನೆನಪಿಟ್ಟುಕೊಳ್ಳಿ.

ಈಗ ಸಾಹೇಬರು ಬರುತ್ತಾರೆ. ಹೊಸ ಯೋಚನೆ ಹುಟ್ಟಿಸುವುದಕ್ಕೆ, ಬೇರೆ ಕಂಪನಿಗಳ ಜೊತೆ ನಂಟು ನೋಡಿಕೊಳ್ಳುವುದಕ್ಕೆ ಅಂತಲೇ ನಮ್ಮ ಕಂಪನಿ ಹೊಸದಾಗಿ ನೇಮಿಸಿಕೊಂಡಿದ್ದವರು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾತು. ಕಟ್ಟೆಯ ವಿಷಯ ಗೊತ್ತಾದಾಗ ಬೈಯುತ್ತಾರೆ ಅಂತ ನಾವು ನಡುಗಿದ್ದರೆ ಅವರು ಚಪ್ಪಾಳೆ ತಟ್ಟಿದ್ದರು. "ಇಂಥದ್ದನ್ನ ನಿಲ್ಲಿಸಬಾರದು, ನಿರ್ವಹಿಸಬೇಕು" ಅಂದಿದ್ದರು. ನಿರ್ವಹಿಸುವುದು ಎಂದರೆ ಏನೋ ನೋಡಿಕೊಳ್ಳುವುದು ಇರಬೇಕು ಅಂತ ನಾವು ಅಂದುಕೊಂಡೆವು.

ತೂತಿನ ಬೂಟು ಗೆದ್ದ ಸುದ್ದಿ ಕೇಳಿ ಅವತ್ತೇ ಅವರು ಅತ್ತಿಗೆಯನ್ನು ಕರೆಸಿದಾಗ ನಾನೂ ಅವರ ಕೋಣೆಯಲ್ಲಿದ್ದೆ. ಆಸ್ಪತ್ರೆಗೆ ಒಯ್ಯುವ ಬೂಟುಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದೆ. ಪ್ಯಾಕಿಂಗಿನವರು ಕೋಣೆಯಲ್ಲಿದ್ದರೆ ಕುರ್ಚಿ ಮೇಜು ಇದ್ದ ಹಾಗೆ, ಯಾರೂ ದನಿ ತಗ್ಗಿಸುವುದಿಲ್ಲ.

"ಕಟ್ಟೆ ನಿಲ್ಲಿಸೋದು ಬೇಡ ಅಕ್ಕ" ಅಂದರು ಸಾಹೇಬರು. "ನಿಲ್ಲಿಸಿದ್ರೆ ಅವರಿಗೆ ಅನುಮಾನ ಬರತ್ತೆ. ಏನಿಡಬೇಕು ಅನ್ನೋದನ್ನ ಮಾತ್ರ ನಾವು ಆರಿಸೋಣ. ಈ ತೂತಿನ ಬೂಟಿಗೂ ಒಂದು ಗೀಟು ಹಾಕಿ ಇಟ್ಬಿಡಿ."

"ಇದು ಸೋತಿಲ್ವಲ್ಲ ಸರ್."

"ಸೋತಿದೆ ಅಂತ ನಿಮ್ಮನ್ನ ಬಾಯಿಬಿಟ್ಟು ಹೇಳಿ ಅಂತಿಲ್ವಲ್ಲ. ಒಂದು ಗೀಟು. ಗೀಟು ಅಂದ್ರೆ ಸೋಲು ಅಂತ ಯಾವ ಕಾನೂನಲ್ಲಿ ಬರೆದಿದೆ, ಹೇಳಿ?"

ಅತ್ತಿಗೆ ಮೇಜಿನ ಮೇಲಿದ್ದ ಬೂಟನ್ನು ತನ್ನ ಕಡೆಗೆ ಎಳೆದುಕೊಂಡಳು. ಆಗ ಸಾಹೇಬರು ದನಿಗೆ ಬೆಣ್ಣೆ ಹಚ್ಚಿದರು. ಕೋಲಿನ ಹಿಡಿಯನ್ನು ಅತ್ತಿಗೆ ಹೊಸದಾಗಿ ಮಾಡಿಕೊಟ್ಟಾಗ ಅದು ಮೇಲಿನವರ ಹೆಸರಿಗೆ ಹೋಗಿತ್ತಲ್ಲ, ಅದು ತಮಗೆ ಗೊತ್ತು ಅಂದರು. ಈ ಸಲ ಹಾಗಾಗುವುದಿಲ್ಲ, ಈ ಬೂಟು ಅತ್ತಿಗೆಯ ಹೆಸರಿನಲ್ಲೇ ಹೊರಗೆ ಬರುತ್ತದೆ, ಅಚ್ಚಿನ ವಿಭಾಗಕ್ಕೆ ಅವಳೇ ಮುಖ್ಯಸ್ಥೆ ಅಂದರು. ಆ ಹಿಡಿಯ ವಿಷಯಕ್ಕೆ ಅವಳು ಎಷ್ಟು ಸಲ ಮನೆಯಲ್ಲಿ ಪಾತ್ರೆ ಕುಕ್ಕಿದ್ದಾಳೆ ಎಂಬುದು ನನಗೆ ಗೊತ್ತು. ಯಾವ ಗಾಯದ ಮೇಲೆ ಬೆರಳಿಡಬೇಕು ಅಂತ ಆ ಮನುಷ್ಯನಿಗೆ ಸರಿಯಾಗಿ ಗೊತ್ತಿತ್ತು.

"ಯೋಚನೆ ಮಾಡ್ತೀನಿ ಸರ್" ಅಂದಳು ಅತ್ತಿಗೆ. ಬೇಡ ಅನ್ನಬೇಕಾದವರು ಯೋಚನೆ ಮಾಡ್ತೀನಿ ಅಂದರೆ ಅಲ್ಲಿಗೆ ಮುಗಿಯಿತು.

ನಾನೇನು ಮಾಡಿದೆ? ಪೆಟ್ಟಿಗೆಗೆ ಟೇಪು ಅಂಟಿಸಿದೆ.

ಮಾರನೆಯ ದಿನ ಕಟ್ಟೆಯ ಮೇಲೆ ತೂತಿನ ಬೂಟು, ಅದರ ಮೇಲೆ ಮೊಳೆಯ ಗೀಟು. ಅತ್ತಿಗೆ ನಲ್ಲಿಯ ಹತ್ತಿರ ನಿಂತು ಲೋಟ ತೊಳೆಯುತ್ತಲೇ ಇದ್ದಳು. ತೊಳೆದ ಲೋಟವನ್ನೇ ಎಷ್ಟು ಸಲ ತೊಳೆಯುತ್ತಾಳೆ! ಮೇಷ್ಟ್ರು ಬಂದರು, ಬೂಟನ್ನು ಎತ್ತಿಕೊಂಡರು, ತಿರುಗಿಸಿದರು. ಮುಖ ಇಳಿಯಿತು.

"ಅಯ್ಯೋ ಅಕ್ಕ, ತೂತೂ ಸೋತೋಯ್ತಾ?"

ಅತ್ತಿಗೆ ತಿರುಗಲಿಲ್ಲ.

"ಆ ಗುಳ್ಳೆ ನೋಡಿ ನಾನೂ ಇದನ್ನೇ ಹಿಡಿದಿದ್ದೆ. ಅಚ್ಚು ಅರ್ಧ ಕೆತ್ತಿ ಆಗಿದೆ. ಇದೇ ದಾರಿ, ಬೇರೆ ಇಲ್ಲ ಅಂದ್ಕೊಂಡಿದ್ದೆ. ಎಲ್ಲಿ ಸೋತಿತು? ಹರಿದಿಲ್ವಲ್ಲ, ಒದ್ದೇಲಿ ಜಾರ್ತಾ?"

"ಹ್ಞೂಂ" ಅಂದಳು ಅತ್ತಿಗೆ.

ಬಾಯಿಬಿಟ್ಟು ಹೇಳಬೇಕಾಗಿಲ್ಲ ಅಂದಿದ್ದರಲ್ಲ ಸಾಹೇಬರು! ನೋಡಿದಿರಾ, ಗೀಟು ಹಾಕಿದ ಕೈ ಬಾಯನ್ನೂ ಎಳೆದುಕೊಂಡೇ ಬರುತ್ತದೆ. ಮೇಷ್ಟ್ರು ಉಸಿರು ಬಿಟ್ಟು, "ಸದ್ಯ, ಬದುಕಿಸಿದ್ರಿ. ಇಲ್ದಿದ್ರೆ ಇದನ್ನೇ ನಂಬ್ಕೊಂಡು ಆಸ್ಪತ್ರೆಗೆ ಹೋಗಿ ಮಣ್ಣು ಮುಕ್ಕಿರ್ತಿದ್ದೆ. ಇವತ್ತೇ ಆ ಅಚ್ಚು ಒಡೆದು ಬೇರೆ ದಾರಿ ನೋಡ್ತೀನಿ" ಅಂದರು. ಹೋಗುವಾಗ ಜೇಬಿನಿಂದ ಒಂದು ಹೊಸ ಬೂಟು ತೆಗೆದು ನನ್ನ ಕೈಗಿಟ್ಟರು. "ಅಮ್ಮನ ಕೋಲಿಂದು ಸವೆದಿರಬೇಕು, ಬದಲಾಯಿಸಿಬಿಡಿ."

ನೆಲ ಬಿರಿದು ನುಂಗಬಾರದೆ ಅನ್ನುತ್ತಾರಲ್ಲ, ಅದು ಬರೀ ಮಾತಲ್ಲ. ನಾನು ಆ ಬೂಟನ್ನು ಹಿಡಿದುಕೊಂಡು ನಿಜವಾಗಲೂ ನೆಲ ನೋಡಿದೆ.

ಮನೆಗೆ ಬರುವ ದಾರಿಯಲ್ಲಿ ಜಗಳವಾಯಿತು. ಬಸ್ಸಿನಲ್ಲಿ ಅಕ್ಕಪಕ್ಕ ಕೂತು, ಯಾರಿಗೂ ಕೇಳದ ಹಾಗೆ, ಹಲ್ಲು ಕಚ್ಚಿಕೊಂಡು.

"ಅವರ ಗುಳ್ಳೆಯಿಂದ ಸಿಕ್ಕಿದ್ದು ಅಂದೋಳು ನೀನೇ ಅಲ್ವಾ? ಉಂಡ ಮನೆಗೆ ಎರಡು ಬಗೆಯೋದು ಅಂದ್ರೆ ಇದೇ ಅತ್ತಿಗೆ."

"ನೀನೂ ಅಲ್ಲೇ ನಿಂತಿದ್ಯಲ್ಲ. ಹೇಳಬೇಕಿತ್ತು, ಮೇಷ್ಟ್ರೆ ಅದು ಸುಳ್ಳು ಅಂತ. ಬಾಯಲ್ಲಿ ಏನಿಟ್ಕೊಂಡಿದ್ದೆ?"

ನಾನು ಕಿಟಕಿಯ ಕಡೆ ಮುಖ ತಿರುಗಿಸಿದೆ. ಅತ್ತಿಗೆ ಮುಖ್ಯಸ್ಥೆಯಾದರೆ ನನ್ನನ್ನೂ ಪ್ಯಾಕಿಂಗಿನಿಂದ ಮೇಲಕ್ಕೆ ಎಳೆದುಕೊಂಡಾಳು ಅಂತ ಒಂದು ಆಸೆ ನನ್ನ ಮನಸ್ಸಿನಲ್ಲಿ ಓಡಾಡುತ್ತಿತ್ತು. ಅದನ್ನು ಅವಳಿಗೆ ಹೇಳಲಿಲ್ಲ. ಈಗ ನಿಮಗೆ ಹೇಳುತ್ತಿದ್ದೇನೆ, ನಾಚಿಕೆಯಾಗುತ್ತದೆ. ಮನೆಗೆ ಬಂದು ಹೊಸ ಬೂಟನ್ನು ಅಮ್ಮನ ಕೋಲಿಗೆ ಹಾಕಿದೆ. ಅಮ್ಮ ಬಚ್ಚಲಿಗೆ ಹೋಗಿ ಬಂದು, "ಆ ಮೇಷ್ಟ್ರ ಕೈ ಚೆನ್ನಾಗಿರ್ಲಿ" ಅಂದಳು. ಅತ್ತಿಗೆ ತಟ್ಟೆ ಬಿಟ್ಟು ಎದ್ದಳು.

ಇಷ್ಟಕ್ಕೇ ಮುಗಿದಿದ್ದರೆ! ಸಾಹೇಬರು ಕಟ್ಟೆಯ ಮೇಲೆ ತಗಡಿನ ಮಾಡು ಹಾಕಿಸಿದರು, ಕಟ್ಟೆಗೆ ಬಣ್ಣ ಹೊಡೆಸಿದರು, 'ನೆರೆಹೊರೆ ಸಹಯೋಗ ಕೇಂದ್ರ' ಅಂತ ಒಂದು ಬೋರ್ಡು ತೂಗುಹಾಕಿದರು. ಫೋಟೊ ತೆಗೆಯುವವರನ್ನು ಕರೆಸಿ ಮೇಷ್ಟ್ರನ್ನೂ ಅತ್ತಿಗೆಯನ್ನೂ ಅದರ ಕೆಳಗೆ ನಿಲ್ಲಿಸಿದರು. ಮೇಷ್ಟ್ರು ಸ್ಪಂಜು ಬಿಚ್ಚಿ, ತಲೆ ಬಾಚಿಕೊಂಡು ಬಂದಿದ್ದರು. "ಅಕ್ಕ, ನಗಿ ಸ್ವಲ್ಪ, ನಾನೊಬ್ಬನೇ ಹಲ್ಲು ಬಿಟ್ರೆ ಹುಚ್ಚನ ಥರ ಕಾಣ್ತೀನಿ" ಅಂದರು. ಆ ಫೋಟೊ ನಮ್ಮ ಕಂಪನಿಯ ಬಾಗಿಲ ಹತ್ತಿರ ತೂಗುತ್ತಿತ್ತು. ದಿನಾ ಅದರ ಮುಂದೆ ಹಾದುಹೋಗುವಾಗ ಅತ್ತಿಗೆ ಕೊಡೆಯನ್ನೋ ಚೀಲವನ್ನೋ ಸರಿಮಾಡಿಕೊಳ್ಳುತ್ತಿದ್ದಳು.

ಆಸ್ಪತ್ರೆಯಲ್ಲಿ ತೋರಿಸುವ ದಿನ ಬಂತು. ವರಾಂಡದಲ್ಲಿ ಒಂದು ಕಡೆ ಡಾಕ್ಟರುಗಳು, ನರ್ಸುಗಳು, ಇನ್ನೊಂದು ಕಡೆ ನಾವು. ಪೆಟ್ಟಿಗೆ ಹೊತ್ತುಕೊಂಡು ನಾನೂ ಹೋಗಿದ್ದೆ. ನೆಲ ಒರೆಸುವವರು ಸೋಪಿನ ನೀರು ಚೆಲ್ಲಿ ಸರಿದು ನಿಂತರು. ಮೊದಲು ಚಿಕ್ಕ ಕಂಪನಿಯ ಸರದಿ. ಮೇಷ್ಟ್ರು ಬೇರೆಯವರ ಕೈಗೆ ಕೊಡಲಿಲ್ಲ, ತಾವೇ ಕೋಲೂರಿದರು. ತೂತಿನ ದಾರಿ ಬಿಟ್ಟು ಕೊನೆಗಳಿಗೆಯಲ್ಲಿ ಬೇರೆಯದನ್ನು ಮಾಡಿದ್ದರಲ್ಲ, ತಳ ಬಟ್ಟಲಿನ ಹಾಗೆ ಒಳಕ್ಕೆ ಬಾಗಿತ್ತು, ನೆಲವನ್ನು ಹೀರಿ ಹಿಡಿಯಲಿ ಅಂತ. ಮೂರು ಹೆಜ್ಜೆ ಹಿಡಿಯಿತು. ನಾಲ್ಕನೆಯದಕ್ಕೆ ಕೋಲು ಒಂದು ಕಡೆ, ಮೇಷ್ಟ್ರು ಒಂದು ಕಡೆ.

ಬೀಳುವುದು ಅವರಿಗೆ ಹೊಸದಲ್ಲ. ಆದರೆ ಆವತ್ತು ಬಿದ್ದಲ್ಲಿಂದ ಬೆರಳೆತ್ತಿ ಏನೂ ಕೇಳಲಿಲ್ಲ. ಒದ್ದೆ ಅಂಗಿಯಲ್ಲಿ ಎದ್ದು ಗೋಡೆಗೆ ಒರಗಿ ನಿಂತರು.

ಆಮೇಲೆ ನಮ್ಮದು. ಒಬ್ಬ ನರ್ಸಮ್ಮ ಕೋಲು ಹಿಡಿದು ವರಾಂಡದ ಈ ತುದಿಯಿಂದ ಆ ತುದಿಗೆ ಹೋಗಿ, ತಿರುಗಿ, ಬೇಕೆಂದೇ ವಾಲಿ, ಕುಣಿದು ಬಂದರು. ಜಾರಲಿಲ್ಲ. ಡಾಕ್ಟರುಗಳು ತಲೆಯಾಡಿಸಿದರು. ಸಾಹೇಬರು ಎಲ್ಲರ ಕೈ ಕುಲುಕಿದರು.

ಮೇಷ್ಟ್ರು ಹತ್ತಿರ ಬಂದು, "ನೋಡ್ಬಹುದಾ?" ಎಂದು ನರ್ಸಮ್ಮನ ಕೈಯಿಂದ ಕೋಲು ತೆಗೆದುಕೊಂಡು ಬುಡ ಮೇಲೆ ಮಾಡಿದರು. ಸೀಳು, ಸೀಳಿನ ತುದಿಗೆ ತೂತು. ಅವರ ಹೆಬ್ಬೆರಳು ಒಂದು ತೂತಿನ ಮೇಲೆ ನಿಂತಿತು. ಹಿಂದಿನಿಂದ ಅವರ ಯಜಮಾನರೂ ಬಗ್ಗಿ ನೋಡಿದರು.

"ಇದೇ ಅಲ್ವೇನಯ್ಯ, ಆ ಹೆಂಗಸು ಸೋತೋಯ್ತು ಅಂದ್ಳು ಅಂತ ನೀನು ಅಚ್ಚು ಒಡೆದಿದ್ದು? ಕಿವಿ ಮೇಲೆ ಹೂವಿಟ್ಟಿದಾರೆ ಕಣೋ ನಿನಗೆ! ಎತ್ತು ಈಯ್ತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅನ್ನೋನು ನೀನು!"

"ಇಲ್ಲ ಯಜಮಾನ್ರೆ" ಅಂದರು ಮೇಷ್ಟ್ರು. "ಆವತ್ತು ಸೋತಿತ್ತು. ಆಮೇಲೆ ರಬ್ಬರ್ ಬದಲಾಯಿಸಿ ಗೆದ್ದಿರ್ತಾರೆ. ನನಗೆ ಹೊಳೀಲಿಲ್ಲ, ಅದು ನನ್ನ ತಪ್ಪು. ಅಕ್ಕ ಸುಳ್ಳು ಗೀಟು ಹಾಕೋರಲ್ಲ." ಅಷ್ಟು ಹೇಳಿ ಅತ್ತಿಗೆಯ ಕಡೆ ತಿರುಗಿದರು. "ಅಲ್ವಾ ಅಕ್ಕ?"

ಕೇಳಿದ್ದು ಅನುಮಾನದಿಂದಲ್ಲ. ಯಜಮಾನರಿಗೆ ಅವಳ ಬಾಯಿಂದಲೇ ಕೇಳಿಸಲಿ ಅಂತ. ಅತ್ತಿಗೆ ಬಾಯಿ ತೆರೆದಳು, ದನಿ ಬರಲಿಲ್ಲ. ಸಾಹೇಬರು ನಡುವೆ ಬಂದು, "ಹೌದು ಹೌದು, ಬದಲಾಯಿಸಿದ್ವಿ" ಎಂದು ಮೇಷ್ಟ್ರ ಬೆನ್ನು ತಟ್ಟಿದರು.

"ಸರಿ ಹಾಗಾದ್ರೆ" ಅಂದರು ಯಜಮಾನರು. "ಅವರು ಮೋಸ ಮಾಡಿದ್ರು ಅಂದಿದ್ರೆ ಇಲ್ಲೇ ಜಗಳ ತೆಗೀತಿದ್ದೆ. ತಪ್ಪು ನಿಂದೇ ಅಂತ ನೀನೇ ಒಪ್ಕೊಂಡೆ. ನಾಳೆಯಿಂದ ಪ್ಯಾಕಿಂಗ್."

ಮೇಷ್ಟ್ರು ತಲೆಯಾಡಿಸಿ, ಕೋಲನ್ನು ನರ್ಸಮ್ಮನಿಗೆ ಹಿಂದಕ್ಕೆ ಕೊಟ್ಟು, ಒದ್ದೆ ಕಾಲಲ್ಲೇ ಹೊರಟರು.

ಸಂಜೆ ಅಮ್ಮ ಬಾಗಿಲಲ್ಲೇ ಕಾಯುತ್ತಿದ್ದಳು. ಗೆದ್ದ ಸುದ್ದಿಯನ್ನು ಅಣ್ಣ ಆಗಲೇ ಹೇಳಿಯಾಗಿತ್ತು.

"ಗೆದ್ದಿದ್ದೀರಂತಲ್ಲ! ಮತ್ತೆ ಇಬ್ಬರ ಮುಖಾನೂ ಯಾಕೆ ಸುಟ್ಟ ಬದನೆಕಾಯಿ ಆಗಿದೆ?"

ಅತ್ತಿಗೆ ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತು ಎಲ್ಲ ಹೇಳಿದಳು. ಹೆಸರಿನ ಆಸೆ, ಮೊಳೆ, ಹ್ಞೂಂ ಅಂದದ್ದು, ಅಲ್ವಾ ಅಕ್ಕ ಅಂದಾಗ ದನಿ ಬರದೇ ಇದ್ದದ್ದು. ಹೇಳಿ ಹೇಳಿ ಬಿಕ್ಕಿದಳು. ನಮ್ಮಮ್ಮ ಬೈಯುವುದರಲ್ಲಿ ಊರಿಗೆ ಹೆಸರಾದವಳು, ಆವತ್ತು ಬೈಯಲಿಲ್ಲ. ಕೋಲಿನ ಬುಡವನ್ನು ಒಂದು ಸಲ ನೋಡಿದಳು, ಅಷ್ಟೆ.

"ಅತ್ತೆ, ಏನಾದ್ರೂ ಅನ್ನಿ" ಅಂದಳು ಅತ್ತಿಗೆ.

"ನನಗೇನಮ್ಮ ಹೇಳ್ತೀಯ? ನನ್ನ ಮುಂದೆ ಅತ್ರೆ ನಿನ್ನ ಎದೆ ಹಗುರ ಆಗತ್ತೆ, ಅವನ ಕೋಣೆ ಬರಲ್ಲ. ಬಾಯಿ ಇರೋದು ಎಲ್ಲಿ ಬೇಕೋ ಅಲ್ಲಿ ತೆಗೆಯೋಕೆ. ಅವನ ಯಜಮಾನನ ಮುಂದೆ ಹೋಗಿ ಹೇಳು." ಆಮೇಲೆ ನನ್ನ ಕಡೆ ತಿರುಗಿ, "ನೀನೂ ಹೋಗೆ. ಟೇಪು ಅಂಟಿಸ್ತಾ ಇದ್ಯಂತಲ್ಲ, ದೊಡ್ಡ ಸಾಚಾ" ಅಂದಳು.

ಬೆಳಿಗ್ಗೆ ನಮ್ಮ ಗೇಟಿನ ಮುಂದೆ ಹಾದು ಚಿಕ್ಕ ಕಂಪನಿಯ ಗೇಟಿನೊಳಗೆ ಹೋದೆವು. ಅಷ್ಟು ವರ್ಷದಲ್ಲಿ ಅದರೊಳಗೆ ಕಾಲಿಟ್ಟದ್ದು ಅದೇ ಮೊದಲು. ಉದ್ದನೆಯ ತಗಡಿನ ಶೆಡ್ಡು, ಒಂದು ಕಡೆ ಪ್ಯಾಕಿಂಗ್ ಮೇಜು. ಮೇಷ್ಟ್ರು ಪೆಟ್ಟಿಗೆಗೆ ಹಗ್ಗ ಕಟ್ಟುತ್ತಿದ್ದರು. ಗಂಟು ನಿಲ್ಲುತ್ತಿರಲಿಲ್ಲ. ಪಕ್ಕದ ಹೆಂಗಸರು ಮುಖ ಮುಖ ನೋಡಿಕೊಂಡು, ಅವರು ಆಚೆ ತಿರುಗಿದಾಗ ಅವರ ಪೆಟ್ಟಿಗೆಗಳನ್ನು ಬಿಚ್ಚಿ ಮತ್ತೆ ಕಟ್ಟುತ್ತಿದ್ದರು.

ಅತ್ತಿಗೆ ಮೇಷ್ಟ್ರ ಹತ್ತಿರ ನಿಲ್ಲಲಿಲ್ಲ. ನಿಂತರೆ ಹೇಳಲಾಗುವುದಿಲ್ಲ ಅಂತ ಅವಳಿಗೆ ಗೊತ್ತಿತ್ತು. ನೆಟ್ಟಗೆ ಯಜಮಾನರ ಮುಂದೆ ಹೋಗಿ, ಶೆಡ್ಡಿಗೆಲ್ಲ ಕೇಳುವ ಹಾಗೆ ಹೇಳಿದಳು.

"ಆ ಬೂಟು ಆವತ್ತೂ ಸೋತಿರಲಿಲ್ಲ. ನಾನು ಗೆದ್ದ ಬೂಟಿಗೆ ಗೀಟು ಹಾಕಿ ಇಟ್ಟೆ. ಜಾರ್ತಾ ಅಂತ ಕೇಳಿದ್ರು, ಹ್ಞೂಂ ಅಂದೆ. ದಾರಿ ಸಿಕ್ಕಿದ್ದು ಕೂಡ ಅವರ ಬೂಟಿಂದಲೇ. ಅವರದ್ದು ತಪ್ಪೇನೂ ಇಲ್ಲ. ಎಲ್ಲಾ ನಂದು."

"ನನಗೂ ಗೊತ್ತಿತ್ತು" ಅಂದೆ ನಾನು. ನನ್ನ ದನಿ ನನಗೇ ಅಸಹ್ಯವಾಗಿ ಕೇಳಿಸಿತು.

ಯಂತ್ರಗಳನ್ನು ಯಾರೋ ನಿಲ್ಲಿಸಿದ್ದರು. ಯಜಮಾನರು ಬೈದರು. ಏನೇನು ಬೈದರು ಅಂತ ಹೇಳುವುದಿಲ್ಲ, ಎಲ್ಲಕ್ಕೂ ನಾವು ಲಾಯಕ್ಕಾಗಿದ್ದೆವು. ಆಸ್ಪತ್ರೆಗೂ ಬಂದು ಇದನ್ನೇ ಹೇಳ್ತೀಯಾ ಅಂತ ಕೇಳಿದರು. ಹೇಳ್ತೀನಿ ಅಂದಳು. ನಿನ್ನ ಕೆಲಸ ಹೋಗತ್ತಲ್ಲ ಅಂದರು. ಹೋಗ್ಲಿ ಅಂದಳು. ಆಮೇಲೆ ಅವರು ಪ್ಯಾಕಿಂಗ್ ಮೇಜಿನ ಕಡೆ ಕೈ ಬೀಸಿದರು. "ಏಯ್, ಹಗ್ಗ ಬಿಡು. ಹೋಗು, ನಿನ್ನ ಕೋಣೆಗೆ ಹೋಗು."

ಸದ್ಯ, ಅಂದುಕೊಂಡೆ. ಕೋಣೆ ಉಳಿಯಿತು. ನಮ್ಮ ಎದೆಯ ಮೇಲಿನ ಕಲ್ಲು ಇಳಿಯಿತು ಅಂತ ಅಂದುಕೊಂಡೆ, ಸುಳ್ಳೇಕೆ ಹೇಳಲಿ.

ಮೇಷ್ಟ್ರು ಹಗ್ಗ ಬಿಟ್ಟು ನಡೆದರು. ನಮ್ಮನ್ನು ಬನ್ನಿ ಅನ್ನಲೂ ಇಲ್ಲ, ಬರಬೇಡಿ ಅನ್ನಲೂ ಇಲ್ಲ. ಅವರ ಹಿಂದೆ ಹೋದೆವು. ಸಣ್ಣ ಕೋಣೆ, ಸವೆದ ನೆಲ, ಮೂಲೆಯಲ್ಲಿ ಎರಡು ಬಕೆಟ್ಟು. ಗೋಡೆಯ ಉದ್ದಕ್ಕೂ ಹಲಗೆಗಳು. ಅವುಗಳ ಮೇಲೆ ಅತ್ತಿಗೆಯ ಬೂಟುಗಳು. ಇಷ್ಟು ವರ್ಷ ಕಟ್ಟೆಗೆ ಅವಳು ತಂದಿಟ್ಟದ್ದು, ಒಂದೊಂದನ್ನೂ ಎಸೆಯದೆ ಜೋಡಿಸಿಟ್ಟಿದ್ದರು. ಪ್ರತಿಯೊಂದರ ಮೇಲೂ ಅವಳ ಗೀಟು. ನನ್ನ ಅತ್ತಿಗೆಯ ಕೆಲಸವನ್ನು ನಮ್ಮ ಕಂಪನಿಯಲ್ಲಿ ಯಾರೂ ಹಾಗೆ ಜೋಪಾನವಾಗಿ ಇಟ್ಟಿರಲಿಲ್ಲ.

ಮೇಷ್ಟ್ರು ಒಂದು ಬೂಟು ಎತ್ತಿಕೊಂಡರು.

"ಇದು ಸೀಮೆಸುಣ್ಣದ ಪುಡಿ ಬೆರೆಸಿದ್ದು. ಸೋತಿತ್ತಾ?"

"ಸೋತಿತ್ತು ಮೇಷ್ಟ್ರೆ."

"ಈ ಎರಡು ಪದರದ್ದು?"

"ನಿಜವಾಗ್ಲೂ ಸೋತಿತ್ತು. ಅದೊಂದು ಬಿಟ್ಟು ಎಲ್ಲಾ ನಿಜ. ನನ್ನ ಮಾತು ನಂಬಿ."

"ಇರಬಹುದು" ಅಂದರು.

ಅಷ್ಟೇ ಅಂದದ್ದು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಹಲಗೆಯ ತುದಿಯಲ್ಲಿದ್ದ, ಎಲ್ಲಕ್ಕಿಂತ ಹಳೆಯ ಬೂಟನ್ನು ತೆಗೆದು ಕೋಲಿಗೆ ಸಿಕ್ಕಿಸಿದರು. ಬಕೆಟ್ಟು ಬಗ್ಗಿಸಿ ನೆಲಕ್ಕೆ ನೀರು ಸುರಿದರು. ಮಂಡಿಗೆ ಸ್ಪಂಜು ಕಟ್ಟಿಕೊಳ್ಳತೊಡಗಿದರು. ಗೀಟು ಬಿದ್ದದ್ದನ್ನೆಲ್ಲ ಮತ್ತೆ ಪರೀಕ್ಷೆ ಮಾಡಲು ಹೊರಟಿದ್ದಾರೆ ಎಂದು ಅತ್ತಿಗೆಗೆ ನನಗಿಂತ ಮೊದಲೇ ಗೊತ್ತಾಯಿತು. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಇನ್ನೊಂದು ಕೋಲು, ಇನ್ನೊಂದು ಬೂಟು ಎತ್ತಿಕೊಂಡಳು.

"ನಾನೂ ಮಾಡ್ತೀನಿ ಮೇಷ್ಟ್ರೆ. ಇಷ್ಟನ್ನ ಒಬ್ಬರೇ ಯಾವಾಗ ಮುಗಿಸ್ತೀರಿ? ಇಬ್ಬರೂ ಸೇರಿದ್ರೆ ಬೇಗ ಆಗತ್ತೆ."

ಮೇಷ್ಟ್ರು ತಲೆ ಎತ್ತಿ ಅವಳನ್ನು ನೋಡಿದರು. ಸಿಟ್ಟಿರಲಿಲ್ಲ. ಬೇಜಾರೂ ಕಾಣಲಿಲ್ಲ. ಲೆಕ್ಕ ತಪ್ಪಿದ ಮಗುವಿಗೆ ಹೇಳಿಕೊಡುವ ಹಾಗೆ ಮೆತ್ತಗೆ ಹೇಳಿದರು.

"ಬೇಡಿ ಅಕ್ಕ. ನೀವು ಮಾಡಿದ್ದನ್ನ ನಾನು ಮತ್ತೆ ಮಾಡಬೇಕಾಗತ್ತೆ."

ಅತ್ತಿಗೆ ಬೂಟನ್ನು ಎತ್ತಿಕೊಂಡ ಜಾಗದಲ್ಲೇ ಇಟ್ಟಳು. ನಾವು ಹೊರಗೆ ಬಂದು ಬಾಗಿಲು ಮುಂದಕ್ಕೆಳೆದುಕೊಂಡೆವು.